ಮುಚ್ಚಿದ ಗಾಜಿನ ಗೋಳದ ಸೀಗಡಿಗಳು: ಒಂದು ವರ್ಷದ ಬಳಿಕ

ಅಂಗೈಯಲ್ಲಿ ಹಿಡಿಸುವಷ್ಟಿರುವ, ಬೆಸೆದು ಪೂರ್ತಿಯಾಗಿ ಮುಚ್ಚಿದ ಈ ಗಾಜಿನ ಗೋಳದಲ್ಲಿ ಉಪ್ಪುನೀರು, ಒಂದಿಷ್ಟು ಗಾಳಿ, ಪಾಚಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮತ್ತು ನಾಲ್ಕು ಕೆಂಪು ಸೀಗಡಿಗಳಿದ್ದವು. ಆಹಾರ ಹಾಕಬೇಕಾಗಿಲ್ಲ, ನೀರು ಬದಲಿಸಬೇಕಾಗಿಲ್ಲ. ಯಾರ ಹಂಗೂ ಇಲ್ಲದ ಪುಟ್ಟ ಜಗತ್ತಿದು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ವರ್ಷವಿಡೀ ಮೇಜಿನ ಮೇಲಿಟ್ಟು ನೋಡಿದ ನನಗೆ ಆ ಮಾತು ಅರ್ಧ ಮಾತ್ರ ನಿಜವೆನಿಸಿದೆ.

ವಸ್ತುಗಳ ಮಟ್ಟಿಗೆ ಅದು ನಿಜ. ಪಾಚಿ ಬಿಟ್ಟ ಆಮ್ಲಜನಕವನ್ನು ಸೀಗಡಿ ಉಸಿರಾಡುತ್ತದೆ. ಸೀಗಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಪಾಚಿಗೆ ಮರಳುತ್ತದೆ. ಸೀಗಡಿ ವಿಸರ್ಜಿಸಿದ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟಾಗಿ, ಇನ್ನೊಂದು ಬಗೆಯದು ನೈಟ್ರೇಟಾಗಿ ಮಾರ್ಪಡಿಸಿ ಪಾಚಿಗೆ ಗೊಬ್ಬರ ಒದಗಿಸುತ್ತವೆ. ಮೊದಲ ಸಲ ಸೀಗಡಿ ಕಳಚಿದ ಪೊರೆಯೊಂದು ತೇಲಿದಾಗ ಸೀಗಡಿಯೇ ಸತ್ತಿತೆಂದು ಗಾಬರಿಗೊಂಡಿದ್ದೆ. ಕೆಲವೇ ದಿನಗಳಲ್ಲಿ ಅದನ್ನೂ ಅವು ಮೇಯ್ದು ಮುಗಿಸಿದವು.

ಶಕ್ತಿಗೆ ಮಾತ್ರ ಇಂತಹ ಮರುಬಳಕೆಯಿಲ್ಲ. ಬೆಳಕಾಗಿ ಒಳಬಂದದ್ದು ಪಾಚಿಯಲ್ಲಿ ಆಹಾರವಾಗಿ, ಪ್ರತಿ ಜೀವಿಯ ಉಸಿರಾಟದಲ್ಲಿ ಶಾಖವಾಗಿ, ಗಾಜನ್ನು ದಾಟಿ ಹೊರಟುಹೋಗುತ್ತದೆ. ಹೀಗಿರುವಾಗ ಕೈಪಿಡಿಯ ಚಿತ್ರದಲ್ಲಿ ಶಕ್ತಿಯ ಬಾಣವನ್ನೂ ವಸ್ತುಗಳ ಬಾಣದಂತೆಯೇ ದುಂಡಗೆ ಸುತ್ತಿಸಿರುವುದು ಕ್ಷಮಿಸಲಾಗದ ತಪ್ಪು. ಗೋಳವನ್ನು ಮೂರು ವಾರ ಕತ್ತಲ ಮೂಲೆಯಲ್ಲಿ ಮರೆತಿದ್ದಾಗ ಪಾಚಿ ಬಿಳಿಚಿಕೊಂಡಿತ್ತು. ನೇರ ಬಿಸಿಲೂ ಸಲ್ಲದು, ನೀರು ಕಾಯುತ್ತದೆ.

ಮೀನೊಂದನ್ನೂ ಏಕೆ ಸೇರಿಸಿಲ್ಲ ಎಂದು ನೋಡಿದವರೆಲ್ಲ ಕೇಳುತ್ತಾರೆ. ಸರೋವರವೊಂದರಲ್ಲಿ ಶಕ್ತಿ ಆಹಾರ ಸರಪಳಿಯ ಹಂತದಿಂದ ಹಂತಕ್ಕೆ ಸಾಗುವ ಬಗೆಯನ್ನು ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಹಂತದ ಶಕ್ತಿಯಲ್ಲಿ ಸರಾಸರಿ ಶೇ. 10ರಷ್ಟು ಮಾತ್ರ ಮೇಲಿನದಕ್ಕೆ ದಾಟುತ್ತದೆಂಬುದು ಈಗ ರೂಢಿಯಲ್ಲಿರುವ ಅಂದಾಜು. ನಾಲ್ಕು ಸೀಗಡಿಗಳಿಗೇ ಕಷ್ಟದಿಂದ ಸಾಲುವ ಪಾಚಿಯ ಮೇಲೆ ಮೀನು ಬದುಕುವುದು ಅಸಾಧ್ಯ.

ನನ್ನ ದೊಡ್ಡ ಆಕ್ಷೇಪವೂ ಇದೇ. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಜೀವಿಗಳನ್ನು ಇಷ್ಟು ಬಡ ಆಹಾರದಲ್ಲಿ ಕೂಡಿಹಾಕಲಾಗಿದೆ. ಹತ್ತನೇ ತಿಂಗಳಲ್ಲಿ ಒಂದು ಸತ್ತಿತು, ಮರಿಗಳಂತೂ ಆಗಲೇ ಇಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಬೇಕಾದರೆ ಸೀಗಡಿಯಿಲ್ಲದ, ಪಾಚಿ ಮತ್ತು ಬ್ಯಾಕ್ಟೀರಿಯಾ ಮಾತ್ರವಿರುವ ಜಾಡಿಯನ್ನೇ ಆರಿಸಿಕೊಳ್ಳಿರೆಂದು ಹೇಳುತ್ತೇನೆ; ಅಲಂಕಾರದ ಉಡುಗೊರೆಯಾಗಿ ಈ ಗೋಳವನ್ನು ಯಾರಿಗೂ ಸೂಚಿಸಲಾರೆ.