ಒಳಚರಂಡಿ ದುರಸ್ತಿ ಸೇವೆ: ಕೆಲಸಕ್ಕೆ ನಾಲ್ಕು ನಕ್ಷತ್ರ, ಬಿಲ್ಲಿಗೆ ಐದು

ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಕಡೆಗೆ ಇಳಿಯುವ ಓಣಿಯೊಂದರ ಕೊನೆಯ ಮನೆ ನಮ್ಮದು. ಮೇಲಿನ ಮನೆಯವರ ಒಳಚರಂಡಿ ಪೈಪು ಗೋಡೆ ದಾಟಿ ನಮ್ಮ ಹಿತ್ತಲಿನ ಚೇಂಬರಿಗೆ ಬಂದು, ನಮ್ಮದನ್ನೂ ಸೇರಿಸಿಕೊಂಡು ರಸ್ತೆಯ ಮ್ಯಾನ್‌ಹೋಲ್‌ಗೆ ಹೋಗುತ್ತಿತ್ತು. ಮನೆ ಕಟ್ಟಿಸುವಾಗ ಎರಡೂ ಮನೆಯ ಹಿರಿಯರು ಬೀಗರಾಗುವ ಮಾತಿತ್ತು. ಸಂಬಂಧ ಕೂಡಲಿಲ್ಲ, ಪೈಪು ಕೂಡಿತು.

ಮೂರು ಮಳೆಗಾಲದಿಂದ ಜೋರು ಮಳೆ ಹೊಡೆದಾಗಲೆಲ್ಲ ನಮ್ಮ ಬಚ್ಚಲಿನ ಜಾಲರಿಯಿಂದ ಕರಿ ನೀರು ಉಕ್ಕುತ್ತಿತ್ತು. ಮೊದಲು ಕರೆಸಿದ್ದ ಇಬ್ಬರು ಬಿದಿರಿನ ಗಳ ಆಡಿಸಿ, ದುಡ್ಡು ಎಣಿಸಿಕೊಂಡು ಹೋಗಿದ್ದರು. ಈ ಸೇವೆಯವರು ಬಂದವರೇ ಚೇಂಬರಿಗೆ ಕ್ಯಾಮೆರಾ ಇಳಿಸಿದರು. ಹೆಬ್ಬೆರಳಿನಷ್ಟು ಕ್ಯಾಮೆರಾ, ಸುತ್ತ ಸಣ್ಣ ದೀಪಗಳು, ಹಿಂದೆ ಉದ್ದನೆಯ ಕೇಬಲ್ಲು. ಮೊಬೈಲಿನ ಪರದೆಯಲ್ಲಿ ಎಂಟು ಅಡಿಯವರೆಗೆ ಪೈಪು ಸ್ವಚ್ಛ. ಆಮೇಲೆ ಒಂದು ಜೋಡಣೆ ಎರಡು ಬೆರಳಿನಷ್ಟು ಜಾರಿತ್ತು. ಆ ಸಂದಿಯಿಂದ ಬೇರು ಕುದುರೆಯ ಬಾಲದಂತೆ ಇಳಿಬಿದ್ದಿತ್ತು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಪೈಪು ಎಷ್ಟು ವರ್ಷ ತಾಳೀತು ಎಂದು ಮಿಸ್ತ್ರಿ ಕೇಳಿದ. ಉತ್ತರ ನನ್ನಲ್ಲಿರಲಿಲ್ಲ.

ಎರಡನೆಯ ಪರೀಕ್ಷೆ ನನಗೆ ಬಹಳ ಹಿಡಿಸಿತು. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ, ಮೇಲಿನ ಮನೆಯವರ ತಾರಸಿಗೆ ಹೋಗಿ ಸುರಿದ. ನಾನು ಚೇಂಬರಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದೆ. ನಿಮಿಷವಾಗುವಷ್ಟರಲ್ಲಿ ನೀಲಿ ನೀರು ಬಂದೇ ಬಂತು. ತಾರಸಿಯ ಮಳೆನೀರನ್ನು ಯಾವ ಕಾಲದಲ್ಲೋ ಒಳಚರಂಡಿಗೆ ಜೋಡಿಸಿದ್ದರು. ಮಳೆ ಬಂದಾಗಲೇ ಉಕ್ಕುವ ರಹಸ್ಯ ಅಲ್ಲಿಗೆ ಬಯಲಾಯಿತು.

ನೀರು ಹಿಂದಕ್ಕೆ ಬರದಂತೆ ಒಂದು ವಾಲ್ವ್ ಕೂರಿಸಿದರೆ ಸಾಲದೇ ಎಂದು ನಾನು ಕೇಳಿದೆ. ಹಿಂದಿನವರೂ ಅದನ್ನೇ ಹೇಳಿದ್ದರು. ಮಿಸ್ತ್ರಿ ತಲೆಯಾಡಿಸಿದ. ರಸ್ತೆಯ ಪೈಪು ತುಂಬಿದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ, ನಿಜ. ಆದರೆ ಮೇಲಿನ ಮನೆಯ ನೀರು ಆಗ ಎಲ್ಲಿಗೆ ಹೋಗಬೇಕು? ನಮ್ಮ ಹಿತ್ತಲಿಗೇ. ಆದ್ದರಿಂದ ಅವರ ಪೈಪನ್ನು ಬೇರೆಯಾಗಿ ರಸ್ತೆಗೆ ಒಯ್ಯಬೇಕು, ತಾರಸಿಯ ನೀರನ್ನು ತೆರೆದ ಗಟಾರಕ್ಕೆ ತಿರುಗಿಸಬೇಕು, ವಾಲ್ವ್ ನಮ್ಮ ಕವಲಿಗೆ ಮಾತ್ರ. ಇಷ್ಟನ್ನು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದ. ಚೇಂಬರಿಗೆ ಆಳನ್ನು ಇಳಿಸಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ ಎಂದು ಮೇಲಿನ ಮನೆಯ ಹುಡುಗ ಕೇಳಿದಾಗ, ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಹೆಸರು ಹೇಳಿ, ಯಂತ್ರವಿಲ್ಲದೆ ಕೆಲಸ ಮಾಡುವುದಿಲ್ಲ ಎಂದ. ಅದಕ್ಕೂ ಅಂಕ ಕೊಡಬೇಕು.

ಒಟ್ಟು ಅಂದಾಜು 46,000 ರೂಪಾಯಿ. ಯಾರು ಕೊಡಬೇಕು?

"ಕಾಕಾ, ನಮ್ಮಲ್ಲಿ ಉಕ್ಕುವುದೇ ಇಲ್ಲವಲ್ಲ," ಎಂದ ಆ ಹುಡುಗ. ನೀಲಿ ನೀರು ಅವನ ಕಣ್ಣೆದುರೇ ಹರಿದಿತ್ತು! ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಆಯುಷ್ಯ ಸವೆಸಿದ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಮೆರಿಕದ ಚುಲಾ ವಿಸ್ಟಾದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿಕೊಂಡೆ. ಅವಳು ನಕ್ಕಳು. "ಅಪ್ಪಾ, ಇಲ್ಲಿ ಎರಡು ದೇಶಗಳೇ ಹೀಗೆ ಕುಳಿತಿವೆ."

ಮೆಕ್ಸಿಕೋದ ಟಿಹುವಾನಾ ಊರು ಮೇಲೆ, ಅಮೆರಿಕ ಕೆಳಗೆ. ನದಿ ಕೊಳಚೆಯನ್ನು ಹೊತ್ತು ಗಡಿ ದಾಟಿ ಇಂಪೀರಿಯಲ್ ಬೀಚ್ ಬಳಿ ಸಮುದ್ರ ಸೇರುತ್ತದೆ. ಮೆಕ್ಸಿಕೋದ ಕೊಳಚೆಯನ್ನು ಶುದ್ಧಗೊಳಿಸಲೆಂದೇ ಅಮೆರಿಕ ತನ್ನ ನೆಲದಲ್ಲಿ ಘಟಕ ಕಟ್ಟಿ 1990ರ ದಶಕದಿಂದ ನಡೆಸುತ್ತಿದೆ. ಮೂಲ ಸಾಮರ್ಥ್ಯ ದಿನಕ್ಕೆ 2.5 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 9.5 ಕೋಟಿ ಲೀಟರ್. ಗಡಿಯ ಹತ್ತಿರದ ಪಂಪ್‌ಹೌಸ್ ಮಳೆಯಿಲ್ಲದ ದಿನಗಳ ಹರಿವನ್ನು ತಿರುಗಿಸುತ್ತದೆ, ದೊಡ್ಡ ಮಳೆ ಬಂದರೆ ಅದನ್ನು ನಿಲ್ಲಿಸಬೇಕಾಗುತ್ತದೆ. ನಮ್ಮ ಬಚ್ಚಲಿನದೇ ಕಥೆ. 2022ರ ಒಪ್ಪಂದದಲ್ಲಿ ಅಮೆರಿಕದ ಪಾಲು 33 ಕೋಟಿ ಡಾಲರ್, ಮೆಕ್ಸಿಕೋದ್ದು 14.4 ಕೋಟಿ. ನಾನು ಹಾಸಿಗೆಯಿಂದೆದ್ದು ಕ್ಯಾಲ್ಕುಲೇಟರ್ ಹುಡುಕಿದೆ. ಎಪ್ಪತ್ತಕ್ಕೆ ಮೂವತ್ತು. ಕೆಳಗಿದ್ದವನೇ ಹೆಚ್ಚು ಕೊಟ್ಟಿದ್ದಾನೆ.

ಹಣ ಬರುವುದಾದರೆ ಎಲ್ಲಿಂದಲೋ ಬರುತ್ತದೆ. ನಮ್ಮ ಉಣಕಲ್ ನಾಲಾ ದಂಡೆಯ ಹಸಿರು ಪಥದ ಯೋಜನೆಗೆ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವು ಸಿಕ್ಕಿತು. ಪ್ಯಾರಿಸ್ಸಿನಿಂದ ನಾಲಾದವರೆಗೆ ಬಂದ ದುಡ್ಡು ಪಕ್ಕದ ಗೋಡೆ ದಾಟಲು ಮಾತ್ರ ಹೆಣಗುತ್ತದೆ.

ಮರುದಿನ ಎಪ್ಪತ್ತು-ಮೂವತ್ತರ ಮಾತನ್ನು ಮೇಲಿನ ಮನೆಯವರ ಮುಂದಿಟ್ಟೆ. ಎರಡು ದೇಶಗಳ ಹೆಸರು ಕೇಳಿ ಹುಡುಗನಿಗೆ ಏನೋ ಗೌರವ ಬಂದಂತಾಯಿತು, ಒಪ್ಪಿದ. ನಮ್ಮದು 32,200, ಅವರದು 13,800. ಈ ಸೇವೆಯವರು ಎರಡು ಹೆಸರಿಗೆ ಎರಡು ಬಿಲ್ಲು ಹಾಕಿದರು. ಪೈಪಿನ ಅಡಿ, ಬೆಂಡು, ಕೂಲಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ. ನನ್ನ ಕೆಂಪು ಪೆನ್ನಿಗೆ ಕೆಲಸವೇ ಸಿಗಲಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಜೆಟ್ಟಿಂಗ್ (ಜೋರು ಒತ್ತಡದ ನೀರಿನಿಂದ ಪೈಪು ತೊಳೆಯುವುದು) ಮಾಡುವ ಕರಾರನ್ನೂ ಅದೇ ಪ್ರಮಾಣದಲ್ಲಿ ಬರೆದುಕೊಟ್ಟರು. ನಾನೇ ಹಟ ಹಿಡಿದು ಬರೆಸಿದ್ದು. ಆ ಗಡಿಯ ಘಟಕದಲ್ಲಿ ವರ್ಷಗಟ್ಟಲೆ ದುರಸ್ತಿ ಮುಂದೂಡಿ, ವಿಸ್ತರಣೆಗೆಂದು ಬಂದ ಹಣದಲ್ಲಿ ದೊಡ್ಡ ಪಾಲನ್ನು ಹಳೆಯದರ ರಿಪೇರಿಗೆ ಸುರಿಯಬೇಕಾಯಿತು ಎಂದು ಮಗಳು ಹೇಳಿದ್ದು ತಲೆಯಲ್ಲಿ ಕುಳಿತಿತ್ತು.

ಕೆಲಸ ಮುಗಿದ ಮೇಲೆ ನಾಲ್ಕು ದೊಡ್ಡ ಮಳೆ ಬಂದಿವೆ. ಬಚ್ಚಲು ಒಣಗಿಯೇ ಇದೆ.

ಒಂದು ನಕ್ಷತ್ರ ಕಡಿಮೆ ಯಾಕೆಂದರೆ, ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಬಂದರು, ಅಗೆದ ಮಣ್ಣನ್ನೆಲ್ಲ ನನ್ನ ಹೆಂಡತಿಯ ಕರಿಬೇವಿನ ಬುಡಕ್ಕೆ ಒಟ್ಟಿದರು. ಮೇಲಾಗಿ ಎಬ್ಬಿಸಿದ ಫರಸಿಯನ್ನು ಸರಿಯಾಗಿ ಕೂರಿಸಲಿಲ್ಲ. ಫೋನು ಮಾಡಿದರೆ "ಮಣ್ಣು ಕೂರಲಿ, ಬರುತ್ತೇವೆ" ಎನ್ನುತ್ತಾರೆ. ಮಳೆ ನಿಂತ ಮೇಲೆ ಆ ಕಲ್ಲಿನ ಮೇಲೆ ಕಾಲಿಟ್ಟರೆ ಇನ್ನೊಂದು ತುದಿಯಿಂದ ನೀರು ಚಿಮ್ಮಿ ಪಂಚೆಗೆ ಹಾರುತ್ತದೆ. ಶುದ್ಧ ಮಳೆನೀರು, ಅಷ್ಟು ಸಮಾಧಾನ.