ದೇವಿಮನೆ ಘಟ್ಟಕ್ಕೆ ಯಾವ ಬ್ರೇಕು? ಮೂರು ಸೈಕಲ್‌ಗಳ ಹೋಲಿಕೆ

ರೋಡ್ ಬೈಕ್ ಕೊಳ್ಳಲು ಹೊರಟ ಹುಡುಗರು ತೂಕ ಎಷ್ಟು, ಗೇರ್ ಎಷ್ಟು ಎಂದು ಕೇಳುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದದ್ದು ಬ್ರೇಕಿನ ಬಗ್ಗೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ದಡದಲ್ಲಿದೆ. ನಡುವಿನ ದಾರಿ 60 ಕಿಲೋಮೀಟರ್ ಆಸುಪಾಸು; ಆದರೆ ಇಳಿಜಾರಿನ ಬಹುಪಾಲು ದೇವಿಮನೆಯಿಂದ ಕೆಳಗಿನ ತಿರುವುಗಳಲ್ಲೇ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಆ ತಿರುವುಗಳು ಒಣಗುವುದೆಂಬುದೇ ಇಲ್ಲ.

ನನ್ನ ಮನೆ ಶಿರಸಿಯಲ್ಲಿ, ನೌಕರಿ ಕಾರವಾರದಲ್ಲಿ. ಕಾರವಾರದ ಬಾಡಿಗೆ ಕೋಣೆಯಲ್ಲಿ ರಿಮ್ ಬ್ರೇಕಿನ (ಚಕ್ರದ ಹೊರಬಳೆಯನ್ನೇ ರಬ್ಬರ್ ಶೂ ಒತ್ತಿ ಹಿಡಿಯುವ) ಹಳೆಯ ಅಲ್ಯೂಮಿನಿಯಂ ಸೈಕಲ್ ಇದೆ, ಮನೆಯಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನದು (ಚಕ್ರದ ನಡುವಿನ ಲೋಹದ ಬಿಲ್ಲೆಯನ್ನು ಎಣ್ಣೆಯ ಒತ್ತಡದಿಂದ ಪ್ಯಾಡ್‌ಗಳು ಹಿಡಿಯುವಂಥದ್ದು). ಮೂರನೆಯದು ತಮ್ಮನದು: ಡಿಸ್ಕ್ ಇದೆ, ಆದರೆ ಅದನ್ನು ಎಳೆಯುವುದು ಕೇಬಲ್. ಮೂರನ್ನೂ ಬೇಸಿಗೆಯಲ್ಲೂ ಮಳೆಯಲ್ಲೂ, ಘಟ್ಟದಲ್ಲೂ ಕರಾವಳಿಯಲ್ಲೂ ಓಡಿಸಿದ್ದೇನೆ.

ಒಣ ರಸ್ತೆಯಲ್ಲಿ ಹೋಲಿಸಲು ಹೆಚ್ಚೇನೂ ಇಲ್ಲ. ಕಾರವಾರದಿಂದ ಬಿಣಗಾ, ಅಮದಳ್ಳಿ ದಾಟಿ ಅಂಕೋಲೆಯವರೆಗೆ ಹೆದ್ದಾರಿಯಲ್ಲಿ ವೇಗದ ಅಭ್ಯಾಸ ಮಾಡುವಾಗ ರಿಮ್ ಬ್ರೇಕು ಸಾಕೋ ಸಾಕು. ಸೈಕಲ್ ಹಗುರವಾಗಿರುತ್ತದೆ, ಚಕ್ರ ಕಳಚಿ ಹಾಕುವುದು ಸುಲಭ, ಎಲ್ಲವೂ ಕಣ್ಣಿಗೆ ಕಾಣುವಂತೆ ಹೊರಗೇ ಇರುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2018ರಲ್ಲಿ ರಸ್ತೆ ರೇಸುಗಳಿಗೆ ಡಿಸ್ಕ್ ಬ್ರೇಕನ್ನು ಪೂರ್ಣವಾಗಿ ಒಪ್ಪಿದ ಮೇಲೆ ಹೊಸ ರೇಸ್ ಬೈಕುಗಳು ಬಹುತೇಕ ಡಿಸ್ಕಿನವೇ ಆಗಿವೆ. ಹಾಗೆಂದು ನಮ್ಮಂಥ ಹವ್ಯಾಸಿಗಳು ಹೆದ್ದಾರಿಯ ಸಮತಟ್ಟಿನಲ್ಲಿ ರಿಮ್ ಬ್ರೇಕಿನಿಂದಾಗಿ ಹಿಂದೆ ಬೀಳುವುದಿಲ್ಲ.

ಮಳೆ ಹಿಡಿದ ಮೇಲೆ ಮಾತೇ ಬೇರೆ. ಒದ್ದೆ ರಿಮ್ಮಿನ ಮೇಲೆ ಲಿವರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ಬ್ರೇಕ್ ಶೂ ನೀರಿನ ಪದರವನ್ನು ಒರೆಸಿ ಹಾಕಬೇಕು, ಆಮೇಲಷ್ಟೇ ಹಿಡಿತ ಸಿಗುತ್ತದೆ, ಅದೂ ಒಮ್ಮೆಲೇ. ಆ ಖಾಲಿ ಕ್ಷಣ ಬರುವುದು ಸರಿಯಾಗಿ ತಿರುವಿನ ಬಾಯಲ್ಲಿ, ಎದುರಿನಿಂದ ಬಸ್ಸು ಹತ್ತಿಬರುವ ಹೊತ್ತಿನಲ್ಲಿ. ತಿರುವಿಗೆ ಮುಂಚೆಯೇ ಹಗುರಾಗಿ ಒತ್ತಿ ರಿಮ್ ಒರೆಸಿಕೊಳ್ಳುವುದು ಇದಕ್ಕೆ ಉಪಾಯ. ಮಳೆಗೆಂದೇ ಬರುವ ಶೂಗಳೂ ಇವೆ. ಕೂಲ್‌ಸ್ಟಾಪ್‌ನವರ ಸಾಲ್ಮನ್ ಬಣ್ಣದವು ಕಪ್ಪು ಶೂಗಳಿಗಿಂತ ಎಷ್ಟೋ ಮೇಲು. ಆದರೂ ಡಿಸ್ಕಿಗೆ ಅವು ಸಮವಲ್ಲ. ಡಿಸ್ಕ್ ಇರುವುದು ಚಕ್ರದ ನಡುವೆ, ರಸ್ತೆಯ ನೀರಿನಿಂದ ದೂರ. ಒತ್ತಿದ ಕೂಡಲೇ ಹಿಡಿಯುತ್ತದೆ.

ನನ್ನ ಮಟ್ಟಿಗೆ ತೀರ್ಮಾನ ಮಾಡಿಸಿದ್ದು ಹಿಡಿತಕ್ಕಿಂತ ಸವೆತ. ಘಟ್ಟದ ಧರೆಯಿಂದ ಕೆಂಪು ಮಣ್ಣು ಕರಗಿ ರಸ್ತೆಗೆ ಹರಿಯುತ್ತದೆ, ಅದರ ಸಣ್ಣ ಹರಳೆಲ್ಲ ರಿಮ್ಮಿಗೂ ಶೂಗೂ ನಡುವೆ ಸೇರುತ್ತದೆ. ಇಳಿದು ಬಂದ ಸಂಜೆ ಶೂ ಬಿಚ್ಚಿ ಬೆಳಕಿಗೆ ಹಿಡಿಯಿರಿ: ಕಪ್ಪು ರಬ್ಬರಿನಲ್ಲಿ ಬೆಳ್ಳಗೆ ಮಿನುಗುವ ಚೂರುಗಳು ಕಾಣುತ್ತವೆ. ಅವು ರಿಮ್ಮಿನಿಂದಲೇ ಎದ್ದ ಅಲ್ಯೂಮಿನಿಯಂ. ಪಿನ್ನಿನ ಮೊನೆಯಿಂದ ಒಂದೊಂದನ್ನೂ ಕಿತ್ತು ತೆಗೆಯಬೇಕು. ಬಿಟ್ಟರೆ ಮರುದಿನ ಅದೇ ಚೂರು ರಿಮ್ಮಿನ ಸುತ್ತ ಗೀರು ಕೊರೆಯುತ್ತದೆ. ಸವೆತ ತಿಳಿಯಲೆಂದು ಎಷ್ಟೋ ರಿಮ್‌ಗಳಲ್ಲಿ ಸಣ್ಣ ಗುಳಿ ಅಥವಾ ಗೆರೆ ಇರುತ್ತದೆ. ಅದು ಮಾಸಿತೆಂದರೆ ರಿಮ್ಮಿನ ಆಯುಷ್ಯ ಮುಗಿಯಿತು. ಒಳಗಿನಿಂದ ಟೈರಿನ ಗಾಳಿ ಒತ್ತುತ್ತಲೇ ಇರುವುದರಿಂದ ತೆಳುವಾದ ಗೋಡೆ ಸೀಳಬಹುದು. ಹೊಸ ರಿಮ್ ಎಂದರೆ ಕಡ್ಡಿಗಳನ್ನೆಲ್ಲ ಬಿಚ್ಚಿ ಮತ್ತೆ ಚಕ್ರ ಕಟ್ಟಬೇಕು, ಅದನ್ನು ಚೊಕ್ಕವಾಗಿ ಮಾಡುವ ಕೈಗಳು ಈಗ ಕಡಿಮೆ.

ಅದೇ ಮಣ್ಣು ಡಿಸ್ಕನ್ನೂ ತಿನ್ನುತ್ತದೆ, ಅನುಮಾನ ಬೇಡ. ಆದರೆ ತಿನ್ನುವುದು ಬದಲಿಸಬಹುದಾದ ಭಾಗವನ್ನು. ಶಿಮಾನೊ ಕಂಪನಿಯ ಡಿಸ್ಕ್ ಹೊಸದಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಎಸೆಯಬೇಕು. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಬೇಕು. ಮನೆಯ ಜಗುಲಿಯಲ್ಲೇ ಕುಳಿತು ಮಾಡುವ ಕೆಲಸ ಇದು. ಮಳೆಗಾಲಕ್ಕೆ ರೆಸಿನ್ ಪ್ಯಾಡ್ ಬೇಡ, ಬೇಗ ಕರಗುತ್ತದೆ. ಲೋಹದ ಪ್ಯಾಡ್ ಕಿರುಚಿದರೂ ಬಾಳುತ್ತದೆ. ಕೊಳ್ಳುವ ಮುಂಚೆ ನಿಮ್ಮ ಡಿಸ್ಕ್ ಲೋಹದ ಪ್ಯಾಡಿಗೆ ಒಗ್ಗುವಂಥದ್ದೇ ಎಂದು ನೋಡಿಕೊಳ್ಳಿ.

ಶಾಖದ ಲೆಕ್ಕವೂ ಇದೆ. ಸವಾರ, ಸೈಕಲ್ ಸೇರಿ 80 ಕೆ.ಜಿ. ತೂಕ 500 ಮೀಟರ್ ಕೆಳಗಿಳಿದರೆ ಸುಮಾರು 390 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ನೇರ ರಸ್ತೆಯಲ್ಲಿ ಗಾಳಿ ಬಹುಪಾಲು ನುಂಗುತ್ತದೆ. ತಿರುವು, ಗುಂಡಿ, ಲಾರಿಗಳ ನಡುವೆ ಬ್ರೇಕ್ ಹಿಡಿದೇ ಇಳಿಯುವಾಗ ಅದು ಬ್ರೇಕಿಗೆ ಬರುತ್ತದೆ. ರಿಮ್ ಬಿಸಿಯಾದರೆ ಪಕ್ಕದಲ್ಲೇ ಟ್ಯೂಬು. ಡಿಸ್ಕ್ ಬಿಸಿಯಾದರೆ ಟೈರಿಗೆ ಅದರ ಗೊಡವೆಯಿಲ್ಲ. ಈ ಕಾರಣಕ್ಕೇ, ಬಿಸಿಗೆ ಅಲ್ಯೂಮಿನಿಯಂಗಿಂತ ಬೇಗ ಸೋಲುವ ಕಾರ್ಬನ್ ರಿಮ್‌ಗೆ ರಿಮ್ ಬ್ರೇಕ್ ಹಾಕಿ ನಮ್ಮ ಘಟ್ಟ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ತಮ್ಮನ ಕೇಬಲ್ ಡಿಸ್ಕ್ ಎರಡರ ನಡುವೆ ನಿಲ್ಲುತ್ತದೆ. ಮಳೆಯಲ್ಲಿ ರಿಮ್ಮಿಗಿಂತ ಚೆನ್ನಾಗಿ ಹಿಡಿಯುತ್ತದೆ, ಕೇಬಲ್ ತುಂಡಾದರೆ ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಪ್ಯಾಡ್ ಸವೆದಂತೆ ಸ್ಕ್ರೂ ತಿರುಗಿಸಿ ನಾವೇ ಹತ್ತಿರ ತರಬೇಕು. ಕರಾವಳಿಯ ಉಪ್ಪುಗಾಳಿಗೆ ಕೇಬಲ್ ತುಕ್ಕು ಹಿಡಿದು ಬಿಗಿಯಾಗುತ್ತದೆ, ಬೆರಳು ಸೋಲುತ್ತದೆ. ಸ್ಟೇನ್‌ಲೆಸ್ ಕೇಬಲ್ ಹಾಕಿದರೂ ಪ್ರತಿ ಮಳೆಗಾಲದ ಮುಂಚೆ ಬದಲಿಸುವುದು ಒಳ್ಳೆಯದು. ದೂರದ ಪ್ರವಾಸಕ್ಕೆ ಹೋಗುವವರಿಗೆ ಇದೇ ಸರಿ.

ಹೈಡ್ರಾಲಿಕ್‌ನಲ್ಲಿ ಕೇಬಲ್ಲಿನ ಗೋಳಿಲ್ಲ, ಪ್ಯಾಡ್ ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ, ಒಂದೇ ಬೆರಳಿನಲ್ಲಿ ಸೈಕಲ್ ನಿಲ್ಲುತ್ತದೆ. ಘಟ್ಟದ ಕೊನೆಗೆ ಕತಗಾಲ ಮುಟ್ಟುವಾಗ ಅಂಗೈ ನೋಯದಿರುವುದು ಎಷ್ಟು ದೊಡ್ಡ ಸುಖ! ಆದರೆ ಕೊಳವೆಗೆ ಗಾಳಿ ಸೇರಿದರೆ ಸಾಮಾನ್ಯ ಅಂಗಡಿಯವರು ಕೈಯಾಡಿಸುವುದಿಲ್ಲ. ಎಣ್ಣೆ ತುಂಬಿ ಗಾಳಿ ತೆಗೆಯುವ ಸಿರಿಂಜಿನ ಕಿಟ್ ಮನೆಯಲ್ಲಿರಬೇಕು, ಕೆಲಸ ಕಲಿತಿರಬೇಕು. ಬ್ರೇಕಿನ ಎಣ್ಣೆಯಲ್ಲಿ ಎರಡು ಬಗೆ: ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಿನರಲ್ ಆಯಿಲ್ ಹೀರುವುದಿಲ್ಲ. ನಮ್ಮ ಹವೆಗೆ ಮಿನರಲ್ ಆಯಿಲ್ ಬ್ರೇಕೇ ಲೇಸು. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಮಾತ್ರ ಸೀಲುಗಳು ಹಾಳಾಗುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಮಳೆಯಲ್ಲೂ ಘಟ್ಟ ಇಳಿಯುವವರಾದರೆ ಹಣ ಕೂಡಿಸಿ ಹೈಡ್ರಾಲಿಕ್ ತೆಗೆದುಕೊಳ್ಳಿ. ಕಾರವಾರ, ಅಂಕೋಲೆಯ ಸಮತಟ್ಟಿನಲ್ಲಿ ಅಭ್ಯಾಸ ಮಾಡುವ ಕಾಲೇಜು ಹುಡುಗರಿಗೆ ಹಳೆಯ ರಿಮ್ ಬ್ರೇಕಿನ ಒಳ್ಳೆಯ ಸೈಕಲ್ ಸಾಕು. ಕೊಳ್ಳುವ ಮುಂಚೆ ರಿಮ್ಮಿನ ಬದಿಗೆ ಸ್ಕೇಲಿನ ಅಂಚನ್ನು ಅಡ್ಡ ಇಟ್ಟು ನೋಡಿ. ನಡುವೆ ಬೆಳಕು ಕಂಡರೆ ರಿಮ್ ಸವೆದು ಒಳಸೇರಿದೆ ಎಂದರ್ಥ. ಹೊಸ ಚಕ್ರದ ಬೆಲೆ ಕಳೆದು ಚೌಕಾಶಿ ಮಾಡಿ.