ಮೆಡಿಕಲ್‌ನಲ್ಲಿ ಸಿಗುವ ಪ್ರೊಬಯಾಟಿಕ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಕಾರವಾರ, ಕುಮಟಾ, ಶಿರಸಿ, ಎಲ್ಲಿಯ ಮೆಡಿಕಲ್‌ನಲ್ಲಿ ಲೂಸ್ ಮೋಶನ್ ಅಂದರೂ ಮಾತ್ರೆಯ ಜೊತೆ ಒಂದು ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಾಣು, ಕೈಗೆ ಬರುವುದು ಈಗ ಮಾಮೂಲು. ಹೆಚ್ಚಾಗಿ ಸಿಗುವುದು ಮೂರು ಬಗೆ: ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದೊಳಗೆ ಮಲಗಿದ ರೂಪ) ಇರುವ 5 ಮಿ.ಲೀ. ಪ್ಲಾಸ್ಟಿಕ್ ಕುಪ್ಪಿ, ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟಿನ 250 ಮಿ.ಗ್ರಾಂ ಪುಡಿ ಅಥವಾ ಕ್ಯಾಪ್ಸೂಲ್, ಲ್ಯಾಕ್ಟೊಬ್ಯಾಸಿಲಸ್ ಮಿಶ್ರಣದ ಪೊಟ್ಟಣ. ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಅನ್ನುವ ಮಾತೂ ಇವುಗಳ ಜೊತೆಗೇ ಬರುತ್ತದೆ. ನಮ್ಮ ತಕರಾರು ಇರುವುದು ಅಲ್ಲೇ.

ಕರುಳಿನ ಒಳಗೋಡೆ ಒಂದೇ ಒಂದು ಜೀವಕೋಶದಷ್ಟು ದಪ್ಪ. ಅದರ ಒಂದು ಬದಿಯಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ, ಜೊತೆಗೆ ದಿನಾ ಉಣ್ಣುವ ಮೀನು, ಕಾಯಿ, ಬೇಳೆಯ ಪ್ರೋಟೀನು. ಇನ್ನೊಂದು ಬದಿಯಲ್ಲಿ ದೇಹದ ಅತಿ ದೊಡ್ಡ ರೋಗನಿರೋಧಕ ಪಡೆ. ಕಂಡದ್ದಕ್ಕೆಲ್ಲ ಈ ಪಡೆ ಕೆರಳಿದರೆ ಕರುಳೇ ಹುಣ್ಣಾಗುತ್ತದೆ. ಅದಕ್ಕೇ ಇಲ್ಲಿ ಮೊದಲ ಕೆಲಸ ಕೊಲ್ಲುವುದಲ್ಲ, ದೂರ ಇಡುವುದು. ಲೋಳೆಪದರ ಅಡ್ಡ ನಿಲ್ಲುತ್ತದೆ, ಸಣ್ಣ ಕರುಳಿನ ಪ್ಯಾನೆತ್ ಕೋಶಗಳು ಡಿಫೆನ್ಸಿನ್ ಎಂಬ ಸೂಕ್ಷ್ಮಾಣುನಾಶಕ ಸುರಿಸುತ್ತವೆ, ದಿನಕ್ಕೆ ಕೆಲವು ಗ್ರಾಂನಷ್ಟು ಐಜಿಎ ಪ್ರತಿಕಾಯ ಒಳಗೆ ಇಳಿಯುತ್ತದೆ. ಐಜಿಎ ಸೂಕ್ಷ್ಮಾಣುವಿಗೆ ಅಂಟಿಕೊಂಡು ಅದು ಗೋಡೆ ಮುಟ್ಟದ ಹಾಗೆ ನೋಡಿಕೊಳ್ಳುತ್ತದೆ, ಉರಿಯೂತ ಮಾತ್ರ ಎಬ್ಬಿಸುವುದಿಲ್ಲ.

ಈ ಪಡೆಯ ಕಾವಲುಗಾರರಾದ ಡೆಂಡ್ರೈಟಿಕ್ ಕೋಶಗಳು ಕರುಳಲ್ಲಿರುವ ಊಟ, ಬ್ಯಾಕ್ಟೀರಿಯಾ ಎಲ್ಲದರ ಮಾದರಿ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಕರುಳು ಶಾಂತವಾಗಿದ್ದರೆ, ವಿಟಮಿನ್ ಎ ಯಿಂದ ತಯಾರಾಗುವ ರೆಟಿನಾಯಿಕ್ ಆಮ್ಲ ಮತ್ತು ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನ ಪ್ರಭಾವದಲ್ಲಿ ರೋಗನಿರೋಧಕ ಪಡೆಯ ಹೊಸ ಟಿ ಕೋಶಗಳು ನಿಯಂತ್ರಕ ಟಿ ಕೋಶಗಳಾಗುತ್ತವೆ. ‘ಇದು ಊಟ, ಸುಮ್ಮನಿರಿ’ ಎಂದು ಉಳಿದವನ್ನು ತಡೆಯುವುದು ಇವೇ. ಇವನ್ನು ಮತ್ತು ಇವುಗಳ ಫಾಕ್ಸ್‌ಪಿ3 ಜೀನನ್ನು ಗುರುತಿಸಿದ ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ಶಿಗೆಲ್ಲಾ, ಸಾಲ್ಮೊನೆಲ್ಲಾದಂಥ ರೋಗಾಣು ಗೋಡೆಯ ಒಳಗೇ ನುಗ್ಗಿದಾಗ ಮಾತ್ರ ಉರಿಯೂತದ ಸಂಕೇತ ಹೊರಟು, ರೋಗಾಣು ನುಂಗುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಧಾವಿಸಿ ಬರುತ್ತವೆ. ಕೆಲಸ ಮುಗಿದ ಮೇಲೆ ಆ ಉರಿಯನ್ನು ಇಳಿಸುವುದೂ ಅಷ್ಟೇ ಮುಖ್ಯ. ಹಾಗೆ ಇಳಿಸುವ ಸಂಕೇತ ಐಎಲ್-10. ಅದನ್ನು ಹಿಡಿಯುವ ಗ್ರಾಹಕದಲ್ಲೇ ದೋಷವಿದ್ದು ಹುಟ್ಟಿದ ಮಕ್ಕಳಿಗೆ ಹಸುಗೂಸಿನಲ್ಲೇ ತೀವ್ರ ಕರುಳುರಿತ ಶುರುವಾಗುತ್ತದೆ. ಹೀಗಿರುವಾಗ ಇಮ್ಯುನಿಟಿ ಸುಮ್ಮನೆ ಹೆಚ್ಚಾಗಲಿ ಅನ್ನುವುದು ಕರುಳಿಗೆ ಬೇಡದ ಹಾರೈಕೆ.

ಇನ್ನು ಮಾಲಿನ ವಿಷಯ. ಕರಾವಳಿಯ ಸೆಖೆಗೆ ತಾಳಿಕೊಳ್ಳುವ ಲೆಕ್ಕದಲ್ಲಿ ಮೊದಲ ಸ್ಥಾನ ಕ್ಲಾಸಿ ಕುಪ್ಪಿಗೆ. ಸ್ಪೋರ್ ಆದ್ದರಿಂದ ಹೊಟ್ಟೆಯ ಆಮ್ಲಕ್ಕೂ ಬಗ್ಗುವುದಿಲ್ಲ, ಫ್ರಿಜ್ಜೂ ಬೇಡ. ಸಾಮಾನ್ಯ ಕುಪ್ಪಿಯಲ್ಲಿ 200 ಕೋಟಿ ಸ್ಪೋರ್ ಇರುತ್ತವೆ. ತಳದಲ್ಲಿ ಕೂತಿರುವುದರಿಂದ ಮೊದಲು ಚೆನ್ನಾಗಿ ಕುಲುಕಿ. ನೀರು ತುಸು ಮಬ್ಬಾದ ಮೇಲೆ ತುದಿ ತಿರುಚಿ ತೆಗೆದು ಹಾಗೇ ಕುಡಿಯಬಹುದು, ಇಲ್ಲವೇ ನೀರಿಗೆ, ಹಾಲಿಗೆ ಬೆರೆಸಬಹುದು. ಇದು ಬಾಯಿಗೆ ಮಾತ್ರ, ಸೂಜಿಗಲ್ಲ. ತೆರೆದದ್ದನ್ನು ಆಗಲೇ ಮುಗಿಸಬೇಕು.

ಬೌಲಾರ್ಡಿಗೆ ನಾವು ದುಡ್ಡು ಕೊಡುವುದು ಒಂದೇ ಸಂದರ್ಭದಲ್ಲಿ: ಆ್ಯಂಟಿಬಯಾಟಿಕ್ ಕೋರ್ಸಿನ ಜೊತೆ. ಯೀಸ್ಟ್ ಆದ್ದರಿಂದ ಆ್ಯಂಟಿಬಯಾಟಿಕ್ ಇದನ್ನು ಕೊಲ್ಲುವುದಿಲ್ಲ, ಆ ಔಷಧದಿಂದ ಬರುವ ಭೇದಿ ತಪ್ಪಿಸಲು ಇದಕ್ಕೆ ತಕ್ಕಮಟ್ಟಿನ ಪುರಾವೆಯೂ ಇದೆ. ಫ್ಲುಕೊನಜೋಲ್‌ನಂಥ ಫಂಗಸ್ ಮಾತ್ರೆ ನಡೆಯುತ್ತಿದ್ದರೆ ಮಾತ್ರ ಖರೀದಿ ವ್ಯರ್ಥ. ಬಿಸಿ ಗಂಜಿಗೆ ಉದುರಿಸಿದರೂ ಅಷ್ಟೇ, ಯೀಸ್ಟ್ ಅಲ್ಲೇ ಸಾಯುತ್ತದೆ. ಐಸಿಯುನಲ್ಲಿರುವವರಿಗೆ, ಸೆಂಟ್ರಲ್ ಲೈನ್ (ಕುತ್ತಿಗೆಯಂಥ ಕಡೆ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇದ್ದವರಿಗೆ, ಕೀಮೋ ನಡೆಯುತ್ತಿರುವವರಿಗೆ ಇದನ್ನು ಕೊಡಲೇಬಾರದು. ಯೀಸ್ಟ್ ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಅಂಥವರ ಹಾಸಿಗೆಯ ಪಕ್ಕ ಪೊಟ್ಟಣ ಒಡೆಯುವುದೂ ಬೇಡ.

ಲ್ಯಾಕ್ಟೊಬ್ಯಾಸಿಲಸ್ ಪೊಟ್ಟಣಗಳಿಗೆ ನಮ್ಮಿಂದ ಕಡಿಮೆ ಅಂಕ. ಹಲವಕ್ಕೆ ತಂಪು ಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಪುಡಿ ಗಂಟುಕಟ್ಟಿದ್ದರೆ ಒಳಗೆ ತೇವ ಸೇರಿದೆ ಎಂದೇ ಅರ್ಥ, ವಾಪಸು ಕೊಡಿ. ಲೇಬಲ್ಲಿನ ಸಂಖ್ಯೆ ತಯಾರಾದ ದಿನದ್ದೋ ಎಕ್ಸ್‌ಪೈರಿ ತನಕ ಉಳಿಯುವುದೋ ನೋಡಿ, ತಳಿಯ ಪೂರ್ತಿ ಹೆಸರು ಇಲ್ಲದಿದ್ದರೆ ಬಿಟ್ಟುಬಿಡಿ. ಈ ಗುಂಪಿನ ಹೆಸರಾಂತ ತಳಿ ರಾಮ್ನೋಸಸ್ ಜಿಜಿಯನ್ನು ವಾಂತಿಭೇದಿಯ ಮಕ್ಕಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ, 2018ರಲ್ಲಿ, ಹೋಲಿಕೆಗೆಂದು ಕೊಟ್ಟ ಔಷಧವಿಲ್ಲದ ಸಪ್ಪೆ ಪುಡಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮಕ್ಕಳ ಭೇದಿಗೆ ಮೊದಲು ಕೊಳ್ಳಬೇಕಾದ್ದು ಓಆರ್‌ಎಸ್ ಮತ್ತು ಸತು. 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಸತು ದಿನಕ್ಕೆ 20 ಮಿ.ಗ್ರಾಂ, 6 ತಿಂಗಳೊಳಗಿನ ಕೂಸಿಗೆ 10, ಭೇದಿ ನಿಂತರೂ 10ರಿಂದ 14 ದಿನ.

ಕರುಳಿನ ಪಡೆಯನ್ನು ಸುಮ್ಮನಿರಿಸುವ ಕೆಲಸಕ್ಕೆ ನಿಜವಾಗಿ ಬಲ ಕೊಡುವುದು ಊಟದ ನಾರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡುತ್ತವೆ. ಅದು ಗೋಡೆಯ ಕೋಶಗಳಿಗೆ ಆಹಾರ. ನಿಯಂತ್ರಕ ಟಿ ಕೋಶಗಳನ್ನೂ ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು. ಹುರುಳಿ, ಅಲಸಂದೆ, ಬಾಳೆಕಾಯಿ ಪಲ್ಯ ಇದಕ್ಕೆ ಒಳ್ಳೆಯವು. ದೊಡ್ಡವರಿಗೆ ದಿನಕ್ಕೆ 25 ಗ್ರಾಂ ನಾರಾದರೂ ಬೇಕು, ಆದರೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಬಾಂಗ್ಲಾದೇಶದಲ್ಲಿ ಬಹುದಿನದ ಭೇದಿಯ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಕೊಟ್ಟು ಗುಣ ಕಂಡಿದ್ದಾರೆ.

ಜೀವಂತ ಬ್ಯಾಕ್ಟೀರಿಯಾವೇ ಬೇಕಿದ್ದರೆ ಶಿರಸಿ ಕಡೆಯ ತಂಬುಳಿ ಸಾಕು. ಸೊಪ್ಪು ಹುರಿದು, ಕಾಯಿ ಜೊತೆ ಬೀಸಿ, ಆರಿದ ಮೇಲೆ ಮಜ್ಜಿಗೆ ಸೇರಿಸುವುದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಉಳಿಯುತ್ತದೆ, ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಉಳಿಯುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾವೂ ಕರುಳಲ್ಲಿ ಬೀಡುಬಿಡುವಂಥದ್ದಲ್ಲ, ಹಾಗಾಗಿ ದಿನಾ ಉಣ್ಣಬೇಕು. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಇವ್ಯಾವುದನ್ನೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ರಕ್ತಭೇದಿಯಲ್ಲಿ ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ನುಂಗಬೇಡಿ, ಹೊರಹೋಗಬೇಕಾದ ರೋಗಾಣು ಒಳಗೇ ನಿಲ್ಲುತ್ತದೆ.